ಆಷಾಢದಲ್ಲೂ ಇಳಿಯದ ಸುಸ್ತು: ಸ್ವಂತ ವ್ಯಾಪಾರ ನಡೆಸುವ ತಾಯಿಗೆ ಬರ್ನ್‌ಔಟ್ ಗೊತ್ತಾಗುವುದು ಹೇಗೆ?

ಬ್ಲೌಸ್ ಹೊಲಿಯುವವರ ವರ್ಷಕ್ಕೆ ಅದರದೇ ಲೆಕ್ಕ ಇದೆ. ಯುಗಾದಿ ಮುಗಿದು ಮದುವೆ ಸೀಸನ್ ಶುರುವಾದರೆ ಊಟ ಮಾಡಲೂ ಪುರುಸೊತ್ತು ಇರುವುದಿಲ್ಲ. ಆಷಾಢ ಬಂದರೆ ಮದುವೆ, ಗೃಹಪ್ರವೇಶ ಎಲ್ಲ ನಿಲ್ಲುತ್ತವೆ, ಆರ್ಡರ್ ಇಳಿಯುತ್ತದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಮತ್ತೆ ಗಡಿಬಿಡಿ. ಚಕ್ಕುಲಿ, ಕೋಡುಬಳೆ, ಕರ್ಜಿಕಾಯಿ ಮಾಡಿ ಮಾರುವವರಿಗೆ ಗೌರಿ-ಗಣೇಶದಿಂದ ದೀಪಾವಳಿವರೆಗೆ ಸುಗ್ಗಿ. ಮನೆಯಲ್ಲೇ ಕೇಕ್ ಮಾಡುವವರಿಗೆ ಡಿಸೆಂಬರ್. ಸುಗ್ಗಿಯಲ್ಲಿ ಸುಸ್ತಾಗುವುದು ಸಹಜ. ಆದರೆ ಬಿಡುವು ಸಿಕ್ಕಾಗ ಆ ಸುಸ್ತು ಇಳಿಯಬೇಕು. ನಾಲ್ಕು ದಿನ ತವರಿಗೆ ಹೋಗಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಮೇಲೆ ಮತ್ತೆ ಕತ್ತರಿ ಹಿಡಿಯೋಣ ಅನ್ನಿಸಬೇಕು. ಆರ್ಡರ್ ಇಲ್ಲದ ತಿಂಗಳಲ್ಲೂ ಬೆಳಿಗ್ಗೆ ಏಳುವಾಗಲೇ ಮೈ ಭಾರ, ಮನಸ್ಸು ಭಾರ ಅನ್ನಿಸುತ್ತಿದ್ದರೆ ಅದನ್ನು ಬರೀ ಸುಸ್ತು ಅಂತ ತಳ್ಳಿಹಾಕಬಾರದು.

ಸ್ವಂತ ವ್ಯಾಪಾರ ಮಾಡುವ ತಾಯಂದಿರಲ್ಲಿ ಬರ್ನ್‌ಔಟ್, ಅಂದರೆ ದುಡಿದು ದುಡಿದು ಒಳಗಿನಿಂದಲೇ ಬತ್ತಿಹೋಗುವುದು, ತಡವಾಗಿ ಗೊತ್ತಾಗಲು ಒಂದು ಮುಖ್ಯ ಕಾರಣ ಇದೆ. ಕೆಲಸ ನಿಂತಿರುವುದಿಲ್ಲ. ಆರ್ಡರ್ ಹೋಗುತ್ತಿರುತ್ತದೆ, ಮಗುವಿನ ಟಿಫಿನ್ ಡಬ್ಬಿ ತುಂಬಿರುತ್ತದೆ, ಸಂಘದ ಕಂತು ಕಟ್ಟಿಯಾಗಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಹಾಗಾಗಿ ಅವರೂ 'ನನಗೇನಾಗಿದೆ, ಎಲ್ಲ ನಡೀತಿದೆಯಲ್ಲ' ಅಂದುಕೊಳ್ಳುತ್ತಾರೆ. ಆದರೆ ಕೆಲಸ ಕೆಡುವುದು ಕೊನೆಗೆ. ಅದಕ್ಕಿಂತ ಎಷ್ಟೋ ಮುಂಚೆ ಕೆಲಸದ ಮೇಲಿನ ಮನಸ್ಸು ಕೆಟ್ಟಿರುತ್ತದೆ. ನೋಡಬೇಕಾದ್ದು ಅಲ್ಲಿ.

ಇದನ್ನು ಮೊದಲು ಗಮನಿಸಿ ಬರೆದವರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಒಬ್ಬರು. ಅವರು ಹಗಲು ತಮ್ಮ ಸ್ವಂತ ಕ್ಲಿನಿಕ್ ನಡೆಸಿ, ಸಂಜೆ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿನ ಸ್ವಯಂಸೇವಕರು ಸುಮಾರು ಒಂದು ವರ್ಷದಲ್ಲಿ ಬಳಲಿ ಬತ್ತಿಹೋಗುವುದನ್ನು ಕಂಡರು. ತಮಗೂ ಅದೇ ಆಯಿತು. 1974ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಅವರು ಕಂಡ ಒಂದು ವಿಷಯ ಇಲ್ಲಿ ತುಂಬಾ ಮುಖ್ಯ. ಹೀಗೆ ಬತ್ತಿಹೋಗುತ್ತಿದ್ದವರು ಸೋಮಾರಿಗಳಲ್ಲ, ಎಲ್ಲರಿಗಿಂತ ಜಾಸ್ತಿ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದವರು. ಆಮೇಲೆ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಇದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ಮಾಡಿದರು. 1981ರಲ್ಲಿ ಅದು ಪ್ರಕಟವಾಯಿತು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಸ್ಪಷ್ಟ ವಿವರಣೆ ಕೊಟ್ಟಿತು. ಅದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಒಂದು ಸ್ಥಿತಿ. ಬಹಳ ದಿನ ಎಳೆದ ಒತ್ತಡಕ್ಕೆ ಪರಿಹಾರ ಸಿಗದೆ ಹೋದಾಗ ಬರುತ್ತದೆ. ಅದಕ್ಕೆ ಮೂರು ಮುಖ: ಶಕ್ತಿ ಪೂರ್ತಿ ಬರಿದಾಗುವುದು, ಕೆಲಸದ ಬಗ್ಗೆ ದೂರ ಅಥವಾ ಬೇಸರದ ಭಾವ ಬೆಳೆಯುವುದು, ನನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅನ್ನಿಸುವುದು. ಈ ಮೂರೂ ನಮ್ಮ ಮನೆಗಳಲ್ಲಿ ಹೇಗೆ ಕಾಣಿಸುತ್ತವೆ ಅನ್ನುವುದನ್ನು ನೋಡೋಣ.

ಶಕ್ತಿ ಬರಿದಾಗುವುದು ಎಲ್ಲರಿಗೂ ಗೊತ್ತಿರುವ ಮುಖ. ನಿದ್ದೆ ಮಾಡಿ ಎದ್ದರೂ ದಣಿವು, ಸಣ್ಣ ಸದ್ದಿಗೂ ಸಿಡಿಮಿಡಿ, ಆಗಾಗ ತಲೆನೋವು. ಇದರಲ್ಲಿ ತಾಯಂದಿರಿಗೆ ಮಾತ್ರ ಗೊತ್ತಿರುವ ಒಂದು ವಿಚಿತ್ರ ಇದೆ. ಮಗು ಮಲಗಿದ ಮೇಲೆ ಹನ್ನೊಂದರವರೆಗೆ ಕೆಲಸ ಮಾಡಿ, ಕಣ್ಣು ಉರಿಯುತ್ತಿದ್ದರೂ ಮಲಗದೆ ರಾತ್ರಿ ಒಂದರವರೆಗೆ ಸುಮ್ನೆ ಫೋನ್ ನೋಡುತ್ತಾ ಕೂರುವುದು. ಇದನ್ನು ಫೋನ್ ಚಟ ಅಂತ ಬೈಯುವವರೇ ಹೆಚ್ಚು. ಇಡೀ ದಿನದಲ್ಲಿ ಯಾರೂ ಏನೂ ಕೇಳದ ಹೊತ್ತು ಅದೊಂದೇ ಆಗಿರುವುದರಿಂದ ಅದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಮರುದಿನದ ಸುಸ್ತು ಅಲ್ಲಿಂದಲೇ ಶುರು.

ಎರಡನೇ ಮುಖವೇ ನನ್ನ ಪ್ರಕಾರ ಅತಿ ನಂಬಿಕಸ್ಥ ಗುರುತು. ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಗೆಳತಿಯೊಬ್ಬರಿದ್ದಾರೆ. ಬಟ್ಟೆ ಎಂದರೆ ಪ್ರಾಣ. ಯಾರಾದರೂ ಇಳಕಲ್ ಸೀರೆ ತಂದರೆ ಅದರ ಸೆರಗು ಬಿಡಿಸಿ ಬೆಳಕಿಗೆ ಹಿಡಿದು ನೋಡದೆ ಒಳಗೆ ಇಡುತ್ತಿರಲಿಲ್ಲ. ಒಂದು ಸಲ ಹೋದಾಗ ಮೂರು ಚೀಲ ಬಟ್ಟೆ ಬಾಗಿಲ ಪಕ್ಕ ಗಂಟು ಬಿಚ್ಚದೆ ಬಿದ್ದಿದ್ದವು. ಫೋನ್ ಕಿಟಕಿಯ ಮೇಲೆ ಬೋರಲು ಮಲಗಿತ್ತು. ಅದರಲ್ಲಿ ಪ್ಲೇ ಮಾಡದ ವಾಯ್ಸ್ ನೋಟ್‌ಗಳು ಸಾಲಾಗಿ ಕೂತಿದ್ದವು. 'ಅಕ್ಕಾ' ಅಂತ ಶುರುವಾದರೆ ಸಾಕು, ಹೊಟ್ಟೆಯಲ್ಲಿ ಸಂಕಟ ಆಗುತ್ತೆ ಅಂದರು. ಗಿರಾಕಿ ಬೈಯುತ್ತಾರೆಂಬ ಭಯ ಅದಲ್ಲ. ಆ ಗಿರಾಕಿ ಒಳ್ಳೆಯವರೇ, ದುಡ್ಡೂ ಸರಿಯಾಗಿ ಕೊಡುವವರೇ. ಆದರೂ ಅವರ ದನಿ ಬೇಡವಾಗಿತ್ತು. ಆ ವಾರವೂ ಅವರು ಎಲ್ಲ ಬ್ಲೌಸ್‌ಗಳನ್ನೂ ಹೇಳಿದ ದಿನಕ್ಕೇ ಕೊಟ್ಟಿದ್ದರು.

ಇದನ್ನೇ ದೂರದ ಭಾವ ಅನ್ನುವುದು. ಮೆಸೇಜ್ ತೆರೆಯದೆ ಇಟ್ಟುಕೊಳ್ಳುವುದು, ಹೊಸ ಆರ್ಡರ್ ಬಂದಾಗ ಖುಷಿಯ ಬದಲು 'ಅಯ್ಯೋ ಮತ್ತೊಂದು' ಅನ್ನಿಸುವುದು, ಆರ್ಡರ್ ಕ್ಯಾನ್ಸಲ್ ಆದರೆ ಒಳಗೊಳಗೇ ಹಗುರಾಗುವುದು. ದುಡ್ಡು ಬೇಕೇ ಬೇಕು ಎನ್ನುವ ಮನೆಯಲ್ಲಿ ಆರ್ಡರ್ ತಪ್ಪಿದ್ದಕ್ಕೆ ನೆಮ್ಮದಿ ಆಗುತ್ತಿದೆ ಎಂದರೆ ಒಳಗೆ ಏನೋ ಮುಗಿಯುತ್ತಾ ಬಂದಿದೆ. ಈ ಭಾವ ಬಂದವರು ತಮ್ಮನ್ನು ತಾವೇ ಕೆಟ್ಟವರು, ದುರಹಂಕಾರಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕೊಡಲು ಏನೂ ಉಳಿಯದಿದ್ದಾಗ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ, ಅಷ್ಟೇ.

ಮೂರನೆಯದು ಕೈ ತಪ್ಪುವುದು. ಹತ್ತಾರು ವರ್ಷ ಹೊಲಿದವರು ಎರಡೂ ತೋಳುಗಳನ್ನು ಒಂದೇ ಕೈಗೆ ಕತ್ತರಿಸಿಬಿಡುತ್ತಾರೆ. ಅಳತೆ ಪುಸ್ತಕದಲ್ಲಿ ಒಬ್ಬರ ಅಳತೆ ನೋಡಿ ಇನ್ನೊಬ್ಬರ ಬಟ್ಟೆ ಕತ್ತರಿಸುತ್ತಾರೆ. ಕೇಕ್ ಮೇಲೆ ಹೆಸರು ತಪ್ಪು ಬರೆಯುತ್ತಾರೆ. ತಪ್ಪು ಯಾರಿಗೂ ಆಗುತ್ತದೆ, ಅದನ್ನು ಸರಿಮಾಡಿ ಮುಂದೆ ಹೋಗುತ್ತೇವೆ. ಇಲ್ಲಿ ಹಾಗಾಗುವುದಿಲ್ಲ. 'ನನ್ನ ಕೈಗುಣವೇ ಹೋಯ್ತು, ನಾನು ಈ ಕೆಲಸಕ್ಕೆ ಲಾಯಕ್ಕಲ್ಲ' ಎನ್ನುವಲ್ಲಿಗೆ ಅದು ಹೋಗಿ ನಿಲ್ಲುತ್ತದೆ. ಗಿರಾಕಿ ಚೆನ್ನಾಗಿದೆ ಅಂದರೂ ಕಿವಿಗೆ ಬೀಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಗೆ ಒಂದು ಗಡಿ ಇದೆ. ಅದು ಉದ್ಯೋಗದ ಒತ್ತಡಕ್ಕೆ ಮಾತ್ರ ಅನ್ವಯ, ಬದುಕಿನ ಬೇರೆ ಭಾಗಗಳಿಗೆ ಅಲ್ಲ. ಹೊಲಿಗೆ ಮಷೀನಿನ ಪಕ್ಕದಲ್ಲೇ ಮಗು ಹೋಂವರ್ಕ್ ಮಾಡುವ ಮನೆಯಲ್ಲಿ ಆ ಗೆರೆ ಎಲ್ಲಿ ಎಳೆಯುವುದು? ಅದಕ್ಕೇ ಬೆಲ್ಜಿಯಂನ ಇಬ್ಬರು ಸಂಶೋಧಕಿಯರ ಕೆಲಸವನ್ನೂ ಇಲ್ಲಿ ಸೇರಿಸಬೇಕು. ಇಸಾಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್ ಎಂಬುವರು ಅಪ್ಪ-ಅಮ್ಮಂದಿರ ಬರ್ನ್‌ಔಟ್ ಅನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡುತ್ತಿದ್ದಾರೆ. ಅಲ್ಲಿನ ಗುರುತುಗಳು: ಮಗುವಿನ ಕೆಲಸ ನೆನೆದರೇ ದಣಿವು. ಸಾಕಪ್ಪಾ ಸಾಕು ಅನ್ನಿಸುವುದು. ಊಟ, ಸ್ನಾನ, ಸ್ಕೂಲ್ ಬ್ಯಾಗ್ ಎಲ್ಲ ಸರಿಯಾಗಿ ಮಾಡಿದರೂ ಮಗುವಿನ ಜೊತೆ ಮನಸ್ಸು ಸೇರದಿರುವುದು. ಮತ್ತೆ 'ನಾನು ಮೊದಲು ಇಂಥ ತಾಯಿ ಆಗಿರಲಿಲ್ಲ' ಎನ್ನುವ ಸಂಕಟ. ಈ ಕೊನೆಯದು ಬಹಳ ಮುಖ್ಯ. ನಿನ್ನೆ ಇದ್ದ ನನಗೂ ಇವತ್ತಿನ ನನಗೂ ಇರುವ ಅಂತರವೇ ಇಲ್ಲಿ ಅಳತೆಗೋಲು. ಪಕ್ಕದ ಮನೆಯವರ ಜೊತೆ ಹೋಲಿಸಿ ಪ್ರಯೋಜನ ಇಲ್ಲ.

ಇವರೂ ಇವರ ಸಂಗಡಿಗರೂ 42 ದೇಶಗಳ 17 ಸಾವಿರಕ್ಕೂ ಹೆಚ್ಚು ಪೋಷಕರನ್ನು ಸೇರಿಸಿ ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೂಡಿ ಬಾಳುವುದಕ್ಕಿಂತ ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ನಿಲ್ಲುವುದಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಈ ಬರ್ನ್‌ಔಟ್ ಜಾಸ್ತಿ ಕಂಡುಬಂತು. ನಮ್ಮಲ್ಲಿ ಕೂಡು ಕುಟುಂಬ ಇದೆ, ನಮಗೇನೂ ಆಗಲ್ಲ ಅಂತ ಇದನ್ನು ಓದಿ ನೆಮ್ಮದಿಯಾಗಬೇಡಿ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ, ಹೆಂಡತಿ, ಮಗು ಬಿಟ್ಟರೆ ಯಾರೂ ಇರುವುದಿಲ್ಲ. ಇನ್ನು ತುಂಬಿದ ಮನೆಗಳಲ್ಲಿ ಮಗು ನೋಡಿಕೊಳ್ಳುವ ಕೈ ಸಿಗುತ್ತದೆ ನಿಜ, ಜೊತೆಗೆ ಅಡುಗೆಯೂ ನೆಂಟರೂ ಜಾಸ್ತಿ. ಯಾವ ಮನೆಯಲ್ಲಿ ಯಾವುದು ತೂಗುತ್ತದೆ ಅನ್ನುವುದು ಆ ಮನೆಯ ಸೊಸೆಗೇ ಗೊತ್ತು.

ಎರಡೂ ಬರ್ನ್‌ಔಟ್ ಒಬ್ಬಳಲ್ಲೇ ಸೇರಿದಾಗ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಕೆಲಸ ಸಾಗದಿದ್ದರೆ ಮಗುವಿನ ಗಲಾಟೆ ಕಾರಣ ಅನ್ನಿಸುತ್ತದೆ. ಮಗುವಿನ ಮೇಲೆ ಕೂಗಾಡಿದರೆ ಆರ್ಡರ್ ಟೆನ್ಷನ್ ಕಾರಣ ಅನ್ನಿಸುತ್ತದೆ. ಇದನ್ನು ಬಿಡಿಸಿ ನೋಡಲು ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ಅಜ್ಜಿ ಮಗುವನ್ನು ಕರೆದುಕೊಂಡು ಹೋದ ದಿನ ಕೆಲಸದಲ್ಲಿ ಮನಸ್ಸು ಕೂರುತ್ತದೆಯೇ? ಆರ್ಡರ್ ಇಲ್ಲದ ದಿನ ಮಗುವಿನ ಮಾತು ಕೇಳಲು ಇಷ್ಟವಾಗುತ್ತದೆಯೇ? ಮೊದಲನೆಯದಕ್ಕೆ ಹೌದು ಎಂದರೆ ಮನೆಯ ಹೊರೆ ಇಳಿಸಬೇಕು. ಎರಡನೆಯದಕ್ಕೆ ಹೌದು ಎಂದರೆ ವ್ಯಾಪಾರದ್ದು. ಎರಡಕ್ಕೂ ಇಲ್ಲ ಅನ್ನುವ ಉತ್ತರ ಬಂದರೆ ಡಾಕ್ಟರನ್ನು ಕಾಣುವುದು ತಡ ಮಾಡಬೇಡಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹೊರೆ ಎಷ್ಟು ಅನ್ನುವುದಕ್ಕೆ ಸರ್ಕಾರದ ಲೆಕ್ಕವೇ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಮಕ್ಕಳು, ಹಿರಿಯರನ್ನು ನೋಡಿಕೊಳ್ಳುವ ಸಮಯ ಇದರಲ್ಲಿ ಸೇರಿಲ್ಲ. ಹತ್ತಿರಹತ್ತಿರ ಐದು ಗಂಟೆ ಹೀಗೆ ಹೋದ ಮೇಲೆ ವ್ಯಾಪಾರ ಶುರು. ಆದರೂ 'ಮನೆಯಲ್ಲೇ ಇರ್ತೀಯಲ್ಲ' ಎನ್ನುವ ಮಾತು ತಪ್ಪುವುದಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಅವರೇ ಏಳಬೇಕು, ಮಗುವಿಗೆ ಜ್ವರ ಬಂದರೆ ಅವರ ಕೆಲಸವೇ ನಿಲ್ಲಬೇಕು. ಆಫೀಸಿನಲ್ಲಿ ಕೆಲಸ ಮಾಡುವ ತಾಯಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಶುರುವಾದ, 26 ವಾರದವರೆಗಿನ ಸಂಬಳದ ರಜೆ ಸಿಗುತ್ತದೆ. ಸ್ವಂತ ದುಡಿಮೆಯ ತಾಯಿಗೆ ಆ ರಜೆ ಇಲ್ಲ. ಅವರು ಎದ್ದು ಮಷೀನ್ ಮುಂದೆ ಕೂತ ದಿನವೇ ರಜೆ ಮುಗಿದ ದಿನ.

ಇಷ್ಟೇ ಆಗಿದ್ದರೆ ಹೊರೆಯ ಮಾತು ಅಂತ ಮುಗಿಸಬಹುದಿತ್ತು. ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿ ಮೈಕೆಲ್ ಲೀಟರ್ ಬರ್ನ್‌ಔಟ್‌ಗೆ ಹೊರೆಯ ಜೊತೆ ಇನ್ನೂ ಐದು ಕಾರಣ ಹೇಳುತ್ತಾರೆ. ನಮ್ಮ ಕೈಯಲ್ಲಿ ಹಿಡಿತ ಇಲ್ಲದಿರುವುದು, ದುಡಿದದ್ದಕ್ಕೆ ತಕ್ಕ ಪ್ರತಿಫಲ ಸಿಗದಿರುವುದು, ಜೊತೆಗಾರರಿಲ್ಲದಿರುವುದು, ಅನ್ಯಾಯ ಆಗುತ್ತಿದೆ ಅನ್ನಿಸುವುದು, ನಾವು ನಂಬಿದ್ದಕ್ಕೂ ಮಾಡುತ್ತಿರುವುದಕ್ಕೂ ತಾಳೆಯಾಗದಿರುವುದು. 'ನಿನ್ನದೇ ಬಿಸಿನೆಸ್ ಅಲ್ವಾ, ನೀನೇ ಓನರ್' ಅನ್ನುವವರಿಗೆ ಹಿಡಿತದ ವಿಷಯ ಅರ್ಥವಾಗುವುದಿಲ್ಲ. ಡೆಲಿವರಿ ದಿನ ಗಿರಾಕಿ ಹೇಳುತ್ತಾರೆ, ಕಂತಿನ ದಿನ ಸಂಘ ಹೇಳುತ್ತದೆ, ಊಟದ ಹೊತ್ತು ಸ್ಕೂಲ್ ವ್ಯಾನ್ ಹೇಳುತ್ತದೆ. ಓನರ್ ಹೇಳುವುದಕ್ಕೆ ಏನು ಉಳಿಯಿತು?

ಪ್ರತಿಫಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಆರೋಗ್ಯದ ವಿಷಯವಾಗಿ ನೋಡುವುದಿಲ್ಲ. ಒಂದು ಲೈನಿಂಗ್ ಬ್ಲೌಸ್‌ಗೆ 400 ರೂಪಾಯಿ ತೆಗೆದುಕೊಳ್ಳುತ್ತೀರಿ ಅಂದುಕೊಳ್ಳಿ. ಲೈನಿಂಗ್ ಬಟ್ಟೆಗೆ 70, ದಾರ, ಹುಕ್ಕು, ಕರೆಂಟಿಗೆ 20, ಹೆಮ್ಮಿಂಗ್ ಮಾಡಿಕೊಡುವವರಿಗೆ 40. ಉಳಿದದ್ದು 270. ಅಳತೆ, ಕತ್ತರಿಸುವುದು, ಹೊಲಿಯುವುದು, ಟ್ರಯಲ್, ಆಲ್ಟರೇಷನ್, ನಡುವೆ ಹತ್ತು ಮೆಸೇಜ್. ಎಲ್ಲ ಸೇರಿ ನಾಲ್ಕು ಗಂಟೆ ಹಿಡಿದರೆ ಗಂಟೆಗೆ 70 ರೂಪಾಯಿಯೂ ಗಿಟ್ಟಲಿಲ್ಲ. ಅದರಲ್ಲೇ ಮಷೀನ್ ರಿಪೇರಿ, ಅದರಲ್ಲೇ ಕಂತು. ಇದು ಉದಾಹರಣೆಯ ಲೆಕ್ಕ. ನಿಮ್ಮ ಊರಿನ ರೇಟ್ ಹಾಕಿ ನೀವೇ ಮಾಡಿ ನೋಡಿ. ಹೋಳಿಗೆಗೂ ರೊಟ್ಟಿಗೂ ಕೇಕ್‌ಗೂ ಇದೇ ರೀತಿ ಮಾಡಬಹುದು. ಎಷ್ಟೋ ತಾಯಂದಿರು ಸಾಮಾನಿನ ಖರ್ಚು ಕಳೆದು ಉಳಿದದ್ದೆಲ್ಲ ಲಾಭ ಅಂದುಕೊಳ್ಳುತ್ತಾರೆ. ತಮ್ಮ ಕೂಲಿ ಲೆಕ್ಕಕ್ಕೇ ಬರುವುದಿಲ್ಲ. ಕಡಿಮೆ ಬೆಲೆಯಿಂದ ಮನೆ ನಡೆಯಬೇಕಾದರೆ ಆರ್ಡರ್ ಜಾಸ್ತಿ ಹಿಡಿಯಲೇಬೇಕು. ಜಾಸ್ತಿ ಹಿಡಿದರೆ ನಿದ್ದೆ ಹೋಗುತ್ತದೆ. ಹಾಗಾಗಿ ಎಷ್ಟೋ ಬರ್ನ್‌ಔಟ್‌ಗಳ ಬೇರು ರೇಟ್ ಕಾರ್ಡಿನಲ್ಲೇ ಇರುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೆಲ್ಲ ಓದಿ 'ನನಗೆ ಬರ್ನ್‌ಔಟೇ' ಅಂತ ತೀರ್ಮಾನ ಮಾಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಸುಸ್ತಿಗೆ ಬೇರೆ ಕಾರಣಗಳೂ ಇವೆ, ಅವು ನಮ್ಮಲ್ಲಿ ಅಪರೂಪವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಇದೆ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಮಂಕು, ಮರೆವು ಬರುತ್ತದೆ. ಬಿ12 ಕೊರತೆಯಲ್ಲೂ ಹಾಗೇ. ನಲವತ್ತು ದಾಟಿದವರಲ್ಲಿ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಗಳು ನಿದ್ದೆ ಕೆಡಿಸುತ್ತವೆ. ಇವಕ್ಕೆ ಔಷಧಿ ಇದೆ. ಕಬ್ಬಿಣದ ಅಂಶ ಕಡಿಮೆಯಾದವರಿಗೆ 'ರೆಸ್ಟ್ ತಗೊಳ್ಳಿ' ಅಂತ ಹೇಳಿ ಕಳಿಸಿದರೆ ಏನು ಉಪಯೋಗ?

ಖಿನ್ನತೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬರ್ನ್‌ಔಟ್ ಸಾಮಾನ್ಯವಾಗಿ ಹೊರೆಗೆ ಅಂಟಿಕೊಂಡಿರುತ್ತದೆ. ಅದರಿಂದ ದೂರ ಹೋದಾಗ ಅಕ್ಕನ ಜೊತೆ ನಗಬಹುದು, ಇಷ್ಟದ ತಿಂಡಿ ರುಚಿಸಬಹುದು. ಖಿನ್ನತೆಯಲ್ಲಿ ಯಾವುದೂ ರುಚಿಸುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವಿಡೀ ದುಃಖ ಅಥವಾ ಬರಿದು ಅನ್ನಿಸಿದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಾನು ಇಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು ಎನ್ನುವ ಯೋಚನೆ ಒಂದು ಸಲ ಬಂದರೂ, ಅದನ್ನು ಬರ್ನ್‌ಔಟ್ ಅಂತ ಕರೆದು ಕಾಯುತ್ತಾ ಕೂರಬಾರದು. ಹಸುಗೂಸು ಇರುವ ತಾಯಂದಿರಲ್ಲಿ ಬಾಣಂತನದ ಖಿನ್ನತೆಯೂ ಇರಬಹುದು. ಟೆಲಿ ಮಾನಸ್ ಎನ್ನುವ ಸರ್ಕಾರಿ ಸಹಾಯವಾಣಿ 2022ರಿಂದ ಇದೆ. ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡಿಕೊಳ್ಳುವ ಪ್ರತ್ಯೇಕ ವಿಭಾಗವೇ ಇದೆ. ಮಗುವನ್ನು ಬಿಟ್ಟು ಹೇಗೆ ಹೋಗಲಿ ಎನ್ನುವ ಚಿಂತೆಯಲ್ಲಿ ಚಿಕಿತ್ಸೆ ಮುಂದೂಡಬೇಕಿಲ್ಲ.

ಇನ್ನು ಬರ್ನ್‌ಔಟ್ ಅಂತ ಗೊತ್ತಾದ ಮೇಲೆ? ಧ್ಯಾನ ಮಾಡಿ, ನಿಮಗಾಗಿ ಸಮಯ ಮಾಡಿಕೊಳ್ಳಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸಮಯವೇ ಇಲ್ಲದವರಿಗೆ ಅದೂ ಇನ್ನೊಂದು ಕೆಲಸ. ಮೊದಲು ಏನಾದರೂ ಕಡಿಮೆಯಾಗಬೇಕು. ವಾರಕ್ಕೆ ಎಷ್ಟು ಆರ್ಡರ್ ಅನ್ನುವುದನ್ನು ಸೀಸನ್‌ಗೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಅರ್ಜೆಂಟ್ ಎಂದವರಿಗೆ ಬೇರೆ ರೇಟ್ ಇರಲಿ. ರಾತ್ರಿ ಎಂಟರ ಮೇಲೆ ಬಿಸಿನೆಸ್ ವಾಟ್ಸ್ಆ್ಯಪ್ ಮುಚ್ಚಿರಲಿ. ಕೆಲಸದ ನಂತರ ಮನಸ್ಸು ಕೆಲಸದಿಂದ ಬಿಡಿಸಿಕೊಂಡರೆ ದಣಿವು ಚೆನ್ನಾಗಿ ಇಳಿಯುತ್ತದೆ ಎನ್ನುವುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನೆನ್‌ಟಾಗ್ ಬಹಳ ವರ್ಷಗಳಿಂದ ಅಧ್ಯಯನ ಮಾಡಿ ಹೇಳುತ್ತಾ ಬಂದಿದ್ದಾರೆ. ತಲೆದಿಂಬಿನ ಪಕ್ಕ ಆರ್ಡರ್ ಫೋನ್ ಇದ್ದರೆ ಮನಸ್ಸು ಬಿಡಿಸಿಕೊಳ್ಳುವುದಾದರೂ ಹೇಗೆ?

ಮನೆಯವರಿಗೆ ಒಂದು ಮಾತು. 'ಏನಾದ್ರೂ ಹೆಲ್ಪ್ ಬೇಕಿದ್ರೆ ಹೇಳು' ಅನ್ನುವುದರಿಂದ ಹೊರೆ ಇಳಿಯುವುದಿಲ್ಲ. ಏನು ಬೇಕು, ಯಾವಾಗ ಬೇಕು ಅನ್ನುವ ಯೋಚನೆ ಆಗಲೂ ಅವರ ತಲೆಯಲ್ಲೇ ಉಳಿಯುತ್ತದೆ. ಒಂದು ಕೆಲಸವನ್ನು ಪೂರ್ತಿಯಾಗಿ ತೆಗೆದುಕೊಳ್ಳಿ. ಬೆಳಗಿನ ಟಿಫಿನ್ ನಿಮ್ಮದು ಎಂದರೆ ರವೆ ಮುಗಿದಿರುವುದನ್ನು ಗಮನಿಸುವುದೂ, ತರುವುದೂ, ಮಾಡುವುದೂ, ಡಬ್ಬಿ ತೊಳೆಯುವುದೂ ನಿಮ್ಮದೇ. ಉಪ್ಪಿಟ್ಟು ಗಂಟಾದರೂ ಪರವಾಗಿಲ್ಲ.

ಸಾಲ ಇರುವವರಿಗೆ ಆರ್ಡರ್ ಕಡಿಮೆ ಮಾಡಿ ಎನ್ನುವ ಮಾತೇ ಭಯ ಹುಟ್ಟಿಸುತ್ತದೆ. ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡುವ ಮುಂಚೆ ಸಂಘದಲ್ಲೋ ಬ್ಯಾಂಕಿನಲ್ಲೋ ಅವಧಿ ವಿಸ್ತರಿಸಲು ಕೇಳಿ ನೋಡಿ. ಕಿರು ಸಾಲದ ವಸೂಲಿಗೆ ಮನೆ ಬಾಗಿಲಿಗೆ ಬಂದು ಕಿರುಕುಳ ಕೊಡುವುದನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಅಂಥದ್ದೇನಾದರೂ ಆದರೆ ಪೊಲೀಸರಿಗೆ ದೂರು ಕೊಡಬಹುದು. ಹಳೇ ಗಿರಾಕಿಗಳಿಗೆ ಒಂದು ಮೆಸೇಜ್ ಹಾಕಲೂ ಹಿಂಜರಿಯಬೇಡಿ: 'ಈ ಹಬ್ಬಕ್ಕೆ ಇಷ್ಟೇ ಆರ್ಡರ್ ತೆಗೆದುಕೊಳ್ಳುತ್ತಿದ್ದೇನೆ. ಬರುವ ತಿಂಗಳಿಂದ ಹೊಸ ರೇಟ್. ಭಾನುವಾರ ರಜೆ.' ಒಬ್ಬಿಬ್ಬರು ಬೇರೆ ಕಡೆ ಹೋಗುತ್ತಾರೆ. ಕೈಗುಣ ನೋಡಿ ಬಂದವರಲ್ಲಿ ಬಹಳ ಜನ ಕಾಯುತ್ತಾರೆ.